ಬಾಳ್ಯಾ ಫೋನಿನ ಸಂತೆ ಕಾದದ್ದು

ದನದ ಪ್ಯಾಟಿ ಹಿಂದಿನ ಓಣಿಯಲ್ಲಿ ನಿಂಬೆವ್ವ ಅಂತ ಒಬ್ಬಾಕೆ. ಆಕೆಗೊಬ್ಬ ಮಗ, ಬಾಳ್ಯಾ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ಅದಕ್ಕೇ ಊರಿನವರು ಅವನಿಗೆ ಏನೂ ಹೇಳುವುದನ್ನೇ ಬಿಟ್ಟಿದ್ದರು. ಆ ಮನೆಗೆ ಬರುತ್ತಿದ್ದದ್ದು ಒಂದು ಬೆಕ್ಕು, ಅದೂ ಹಾಲಿದ್ದ ದಿನ.

"ಸಾವ್ಕಾರ್ರ, ಇವನ್ನ ಕೆಲಸಕ್ಕ ಇಟ್ಕೋರಿ, ಪಗಾರ ಎಷ್ಟರ ಕೊಡ್ರಿ. ನಾ ಸತ್ತ ಮ್ಯಾಲೆ ಇವನ್ನ ಮಾತಾಡಸಾಕ ನಾಕು ಮಂದಿ ಬೇಕು," ಎಂದು ನಿಂಬೆವ್ವ ದುಂಡಪ್ಪ ಸಾವ್ಕಾರನಿಗೆ ಕೈಮುಗಿದಳು.

ದುಂಡಪ್ಪ ಫೋನಿನ ಗುಂಪಿನಲ್ಲೇ ದನದ ಸಂತೆ ನಡೆಸುತ್ತಿದ್ದ; ಮಾರುವವರು ಅಲ್ಲೇ ವಿಡಿಯೊ ಹಾಕುತ್ತಿದ್ದರು. ಕಳವಿನ ಅನುಮಾನ ಬಂದರೆ ಸಂತೆ ನಡೆಸುವವನೇ ಠಾಣೆಗೆ ತಿಳಿಸಬೇಕೆಂದು ಹೊಸ ಕಾಯ್ದೆ ಬಂದಿತ್ತು. ಅಗ್ಗಕ್ಕೆ ಕಾವಲುಗಾರ ಸಿಕ್ಕ.

"ಲೇ ಬಾಳ್ಯಾ, ಯಾರರ ಮುಚ್ಚಿಟ್ಟು ವ್ಯವಹಾರ ಮಾಡಿದ್ರ ಠಾಣೆಗೆ ತಿಳಸು!"

ಮರುದಿನವೇ ಒಂದು ವಿಡಿಯೊ ಬಂತು. ಇಬ್ಬರು ದಲ್ಲಾಳಿಗಳು ಟವೆಲ್ಲಿನ ಕೆಳಗೆ ಕೈ ಹಿಡಿದು ನಿಂತಿದ್ದರು. ಬಾಳ್ಯಾ ತಿಳಿಸಿದ. ಜೀಪು ಬಂತು.

"ಹುಚ್ಚಾ! ಟವೆಲ್ ಕೆಳಗ ಬೆರಳು ಹಿಡಿದು ಎತ್ತಿನ ಬೆಲೆ ಕಟ್ಟೋದು ಅಜ್ಜನ ಕಾಲದ ರೂಢಿ! ಮೊದಲ ಅವರನ್ನ ಕೇಳು, ಆಮ್ಯಾಲೆ ತಿಳಸು!" ಎಂದು ದುಂಡಪ್ಪ ಕೂಗಾಡಿದ.

ಮನೆಗೆ ಬಂದಾಗ ಅವ್ವ ಕೇಳಿದಳು: "ಯಾರರ ಮಾತಾಡಿಸಿದ್ರೇನೋ?"

"ಹ್ಞೂಂ ಅವ್ವಾ, ಸಾವ್ಕಾರ್ರು ಬೈದ್ರು."

"ಆತು ಬಿಡು. ಬೈಗಳಾನೂ ಮಾತ."

ಆಮೇಲೆ ಒಬ್ಬ ಅರ್ಧ ಬೆಲೆಗೆ ಜೋಡೆತ್ತು ತೋರಿಸಿದ. ಬಾಳ್ಯಾ ಕೇಳಿದ: "ಯಣ್ಣಾ, ಕಳವಿನ ಎತ್ತೇನು? ಹೌದಂದ್ರ ಠಾಣೆಗೆ ತಿಳಸತೀನಿ."

"ಏ, ಅಲ್ಲೋ ತಮ್ಮಾ!"

"ಹಂಗಾರ ಚಲೋ ಆತು."

ಸಂಜೆಗೆ ಎತ್ತೂ ಇಲ್ಲ, ಅಣ್ಣನೂ ಇಲ್ಲ. ದುಂಡಪ್ಪ ಕುಣಿದಾಡಿದ. "ಕಳ್ಳನ್ನ ನೀ ಕಳ್ಳನೇನು ಅಂತ ಕೇಳತಾರೇನಲೇ! ಯಾರನ್ನೂ ಕೇಳಬ್ಯಾಡ, ಯಾರನ್ನೂ ನಂಬಬ್ಯಾಡ!"

"ಯಾರರ ಮಾತಾಡಿಸಿದ್ರೇನೋ?"

"ಕಳ್ಳ ಮಾತಾಡಿಸಿದ ಅವ್ವಾ. ತಮ್ಮಾ ಅಂದ!"

ನಿಂಬೆವ್ವ ಇನ್ನೊಂದು ರೊಟ್ಟಿ ತಟ್ಟಿದಳು.

ಯಾರನ್ನೂ ನಂಬಬಾರದಲ್ಲ! ಬಾಳ್ಯಾ ಬಂದವರೆಲ್ಲರ ಹೆಸರು ಠಾಣೆಗೆ ತಿಳಿಸಿದ. ಎಮ್ಮೆ ಕೇಳಿದ ಮುದುಕಿಯದೂ, ಹಗ್ಗ ಮಾರುವವನದೂ. ಗಿರಾಕಿಗೆ ಠಾಣೆ ತೋರಿಸಿದರೆ ಸಂತೆ ಉಳಿದೀತೆ? ಒಬ್ಬೊಬ್ಬರೇ ಗುಂಪಿನಿಂದ ಹೊರಬಿದ್ದರು.

"ಮನಿ ಹಾಳಾತು! ನಾನೂ ಹೊಂಟೆ," ಎಂದ ದುಂಡಪ್ಪ. "ಮಂದಿ ನಡುವ ಇರಾವರೆಲ್ಲಾ ಕಳ್ಳರಲ್ಲೋ! ಯಾರೂ ಇಲ್ಲದ ಕಡೆ ಒಬ್ಬನ ಕುಂತಿರತಾನಲ್ಲ, ಅಂಥಾವನ ಹೆಸರು ತಿಳಸಬೇಕಿತ್ತು!"

ಬಾಳ್ಯಾ ಫೋನು ನೋಡಿದ. ಸಂತೆಯಲ್ಲಿ ಉಳಿದದ್ದು ಒಂದೇ ಹೆಸರು, ತನ್ನದು. ತಿಳಿಸಿದ. ಜೀಪು ಬಂದು ಕರೆದೊಯ್ದಿತು.

ಠಾಣೆಯಿಂದ ಅವ್ವನಿಗೆ ಫೋನು ಮಾಡಿದ. "ಅವ್ವಾ! ಇಲ್ಲಿ ನಾಕು ಮಂದಿ ಅದಾರ! ಹೆಸರು ಕೇಳಿದ್ರು, ಊರು ಕೇಳಿದ್ರು, ಚಾನೂ ಕೊಟ್ರು!"

"ಅಯ್ಯ ನನ ಮಗನ! ಮನ್ಯಾಗ ನಾ ಒಬ್ಬಾಕಿನ ಏನ ಮಾಡಲೋ!"

"ಅಂಜಬ್ಯಾಡವ್ವಾ. ಒಬ್ಬಾಕಿನ ಕುಂತಾಳ ಅಂತ ನಿನ್ನ ಹೆಸರೂ ತಿಳಿಸೀನಿ. ಚಲೋ ಸೀರಿ ಉಟ್ಕೊಂಡು ಕುಂದ್ರು, ಜೀಪು ಬರತೈತಿ!"