ಅರವತ್ತು ದಿನದ ಗಂಟುಮೂಟೆ

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಮಾರುವ ನೀಲವ್ವನಿಗೆ ಒಬ್ಬನೇ ಮಗ, ಗುರುಬಸ್ಯ. ತಕ್ಕಡಿಗೆ ಕಣ್ಣಿಲ್ಲ, ಆದರೂ ತೂಗುತ್ತದೆ. ಇವನಿಗೆ ಎರಡು ಕಣ್ಣಿದ್ದೂ ತೂಗಲು ಬಾರದು. ಹೇಳಿದ್ದನ್ನು ಹೇಳಿದಂತೆ ಮಾಡುವವನು. ಅಂಥವನಿಗೆ ಅದು ಹೇಗೋ ಸಮುದ್ರದಾಚೆಯ ಕಾಲೇಜಿನಲ್ಲಿ ಸೀಟು ಸಿಕ್ಕಿತು! ನೀಲವ್ವ ಓಣಿಗೆಲ್ಲ ಪೇಡೆ ಹಂಚಿಬಿಟ್ಟಳು. ಇನ್ನು ವೀಸಾ ಆಗದಿದ್ದರೆ ಓಣಿಯಲ್ಲಿ ತಲೆ ಎತ್ತುವಂತಿಲ್ಲ.

"ದೊಡ್ಡವರ ಮುಂದ 'ಹೋಗ್ತೀನಿ' ಅನ್ನಬಾರದು, ಅಪಶಕುನ. 'ಹೋಗಿ ಬರ್ತೀನಿ' ಅನ್ನಬೇಕು," ಎಂದು ಕಲಿಸಿ ಕಳಿಸಿದಳು.

ವೀಸಾ ಕಚೇರಿಯ ಸಾಹೇಬ ಹೇಳಿದ: "ಓದು ನಡೆಯೋವರೆಗೆ ನಮ್ಮ ದೇಶದಲ್ಲಿ ಇರಬಹುದು. ಮುಗಿದ ಮೇಲೆ ಗಂಟುಮೂಟೆ ಕಟ್ಟೋಕೆ ಅರವತ್ತು ದಿನ. ಆಮೇಲೆ ಹೋಗ್ತೀಯಲ್ಲ?"

"ಹೋಗಿ ಬರ್ತೀನ್ರಿ!"

"ಹೋಗ್ತೀಯೋ ಇಲ್ಲವೋ?"

"ಅಪಶಕುನ ಬ್ಯಾಡ್ರಿ ಸಾಹೇಬರ! ಹೋಗಿ ಬರ್ತೀನಿ!"

ವೀಸಾ ಇಲ್ಲ.

"ಎಲಾ ಪೆದ್ದ! 'ಹೋಗ್ತೀನಿ, ಮತ್ತ ಈ ಕಡೆ ತಲಿ ಹಾಕೂದಿಲ್ಲ' ಅನ್ನಬೇಕಿತ್ತು!" ಎಂದು ಬೈದಳು ನೀಲವ್ವ.

"ಆತು ಯವ್ವಾ."

ವೀಸಾಕ್ಕೆ ಬೇಕಾದ ಖರ್ಚಿನ ಜಾಮೀನು ಪತ್ರ ತರಲು ಸೋದರಮಾವನ ಮನೆಗೆ ಹೋದ. ಮಾವ ಸಹಿ ಹಾಕಿ, ಹೋಳಿಗೆ ಉಣಿಸಿದ. ಗುರುಬಸ್ಯ ಕೈ ತೊಳೆದು ಎದ್ದ. "ಹೋಗ್ತೀನಿ ಮಾವಾ, ಮತ್ತ ಈ ಕಡೆ ತಲಿ ಹಾಕೂದಿಲ್ಲ!"

ಮಾವ ಪತ್ರ ಹರಿದು ಹಾಕಿದ.

"ಉಂಡ ಮನಿಯಾಗ ಹಂಗಂತಾರೇನೋ! 'ನೀವು ಅಟ್ಟಿದರೂ ಬಿಟ್ಟು ಹೋಗೂದಿಲ್ಲ' ಅನ್ನಬೇಕು, ಪ್ರೀತಿಯಿಂದ!"

"ಆತು ಯವ್ವಾ."

ನೀಲವ್ವ ತಾನೇ ಹೋಗಿ ಅಣ್ಣನ ಕೈಕಾಲು ಹಿಡಿದು ಮತ್ತೆ ಪತ್ರ ಬರೆಸಿ ತಂದಳು. ಗುರುಬಸ್ಯ ಮತ್ತೆ ಸಾಹೇಬನ ಮುಂದೆ ನಿಂತ.

"ಅರವತ್ತು ದಿನ ಆದ ಮೇಲೆ?"

"ನೀವು ಅಟ್ಟಿದರೂ ಬಿಟ್ಟು ಹೋಗೂದಿಲ್ರೀ!" ಎಂದ, ಪ್ರೀತಿಯಿಂದ. ಮತ್ತೆ ವೀಸಾ ಇಲ್ಲ.

ನೀಲವ್ವ ಹಣೆ ಹಣೆ ಚಚ್ಚಿಕೊಂಡಳು. "ಇದೇ ಕಡೀ ಸಲ! ಬಾಯಿ ಬಿಡಬ್ಯಾಡ, ತಲಿ ಆಡಸು. ಸಾಹೇಬ 'ಹೋಗು' ಅಂದ ಕೂಡಲೆ ಹೋಗು. ನಿಲ್ಲಬ್ಯಾಡ, ಹಿಂದ ನೋಡಬ್ಯಾಡ!"

ಮೂರನೆಯ ಸಲ ಸಾಹೇಬನ ಮುಂದೆ ಗುರುಬಸ್ಯ ಬಾಯಿ ಬಿಡಲಿಲ್ಲ, ತಲೆ ಆಡಿಸಿದ. ವೀಸಾ ಆಯಿತು! ಓಣಿಗೆ ಮತ್ತೊಮ್ಮೆ ಪೇಡೆ. ಮಗ ವಿಮಾನ ಹತ್ತಿದ.

ನಾಲ್ಕನೆಯ ದಿನ ನೀಲವ್ವ ಕಟ್ಟೆಯ ಮೇಲೆ ಕೂತು ನೆರೆಯ ಚೆನ್ನವ್ವನಿಗೆ ವಿವರಿಸುತ್ತಿದ್ದಳು: "ಓದು ಎರಡು ವರ್ಷ, ಮ್ಯಾಲೆ ಅರವತ್ತು ದಿನ."

"ಅಷ್ಟು ದಿನ ಗಂಟು ಕಟ್ಟೂದಂದ್ರ, ಏನೇನು ಕಟ್ತಾರ ನೀಲವ್ವಾ?" ಚೆನ್ನವ್ವ ಕೇಳುವಷ್ಟರಲ್ಲಿ, ಹೆಗಲ ಮೇಲೆ ಗಂಟು ಹೊತ್ತು ಗುರುಬಸ್ಯ ಬಂದ!

"ಏನೋ ಇದು!"

"ಅಲ್ಲಿ ಇಳಿದ ಕೂಡಲೆ ಒಬ್ಬ ಸಾಹೇಬ ಠಸ್ಸೆ ಒತ್ತಿ 'ಹೋಗು' ಅಂದ ಯವ್ವಾ. ನಿಲ್ಲಲಿಲ್ಲ, ಹಿಂದ ನೋಡಲಿಲ್ಲ. ಬಂದ ವಿಮಾನ ಅಲ್ಲೇ ಇತ್ತು, ಹತ್ತಿಬಿಟ್ಟೆ!"

"ಅರವತ್ತು ದಿನ ಹೆಚ್ಚಿಗೇನ ಕೊಟ್ಟಿದ್ದರಲ್ಲೋ, ಮುಠ್ಠಾಳಾ!"

"ಅದು ಗಂಟು ಕಟ್ಟಾಕ, ಯವ್ವಾ. ನಾನು ಬಿಚ್ಚೇ ಇರಲಿಲ್ಲ!"