ಗೋಡೆ ಮೇಲಿನ ಚೇರ್ಮನ್ರು

ಚಿಕ್ಕವೀರಪ್ಪನೋರು ಮಾಜಿ ಚೇರ್ಮನ್ನು, ಗತ್ತು ಮಾತ್ರ ಇನ್ನೂ ಹಾಲಿ. ಮೂರನೇ ಸಲವೂ ಅವರಿಗೆ ತಮ್ಮ ಫೋಟೋ ಹಿಡಿಸ್ಲಿಲ್ಲ.

"ಏನಮ್ಮಾ, ನಾನಾ ಇದು? ಸುಕ್ಕೆಲ್ಲ ತೆಗಿ. ನಗು ಬೇಡ. ಕಣ್ಣು ಅಲುಗಾಡ್ದಂಗೆ ನಿಂತಿರ್ಬೇಕು. ಹಿಂದ್ಗಡೆ ಬರೀ ಬೆಳಕಿರ್ಲಿ. ನಾಳೆಗೆ ಸರಿಯಾಗ್ಲಿಲ್ಲ ಅಂದ್ರೆ ನನ್ನ ಬಿಲ್ಡಿಂಗ್ ಖಾಲಿ ಮಾಡಿ!"

ಆ ಬಿಲ್ಡಿಂಗಿನ ಸ್ಟುಡಿಯೋದಲ್ಲಿ ಫೋಟೋ ತಿದ್ದೋಳು ದಾಕ್ಷಾಯಿಣಿ. ಸ್ಟುಡಿಯೋ ಮುಚ್ಚಿದ್ರೆ ಅವಳ ಮನೆ ಒಲೆ ಉರಿಯಲ್ಲ. ಹೇಳಿದ್ದನ್ನೆಲ್ಲ ಹೇಳಿದಂಗೇ ತಿದ್ದಿ ಫ್ರೇಮ್ ಹಾಕಿದ್ಲು.

ಮಾರನೇ ದಿನ ಮಧ್ಯಾಹ್ನ ಚೇರ್ಮನ್ರು ಬಂದ್ರು. ಒಳಗಿನ ಗೋಡೆ ತುಂಬ ಫೋಟೋ. ಎಲ್ಲರ ಹಿಂದೂ ಒಂದೇ ಬೆಳಕು, ಎಲ್ಲರದೂ ಒಂದೇ ನುಣ್ಣನೆ ಮುಖ, ರೆಪ್ಪೆ ಬಡೀದ ಕಣ್ಣು. ಎಲ್ಲರೂ ಅವರನ್ನೇ ನೋಡ್ತಿದ್ರು.

"ನನ್ನದೆಲ್ಲಿ?"

"ಅಲ್ಲೇ ಇದೀರಿ, ನೋಡಿ ಸಾರ್."

ಎರಡು ಸಲ ಹುಡುಕಿದ್ರೂ ತಮ್ಮ ಮುಖ ತಮಗೇ ಸಿಗ್ಲಿಲ್ಲ. ಮೂರನೇ ಸಲ ಸಿಕ್ತು. ಪಕ್ಕದಲ್ಲಿ, ಹೋದ ತಿಂಗಳು ಅವರೇ ಮಣ್ಣು ಹಾಕಿ ಬಂದಿದ್ದ ಬೀಗರು!

"ಇವರೆಲ್ಲಾ..." ಚೇರ್ಮನ್ರು ಒಂದು ಹೆಜ್ಜೆ ಹಿಂದೆ ಸರಿದ್ರು.

"ತಿಥಿಗೆ ಇಡೋ ಫೋಟೋಗಳು ಸಾರ್. ನೀವು ಹೇಳಿದ್ದನ್ನೇ ಇವರ ಮನೇವ್ರೂ ಹೇಳ್ತಾರೆ. ತಾವೇ ಬಂದು ಹೇಳಿದೋರು ನೀವೊಬ್ರೇ."

ಅಷ್ಟರಲ್ಲಿ, ತನ್ನ ಗಂಡನ ಫೋಟೋ ಒಯ್ಯೋಕೆ ಬಂದ ಅಜ್ಜಿಯೊಬ್ಳು ಚೇರ್ಮನ್ರ ಫೋಟೋಗೆ ಕೈ ಮುಗಿದ್ಲು. "ಅಯ್ಯೋ ಪಾಪ, ಇವ್ರು ಯಾವಾಗ ಹೋದ್ರು?"

"ಸುಕ್ಕು ವಾಪಸ್ ಹಾಕಮ್ಮ! ಒಂದೂ ಬಿಡಬೇಡ!" ಚೇರ್ಮನ್ರು ಕಿರುಚಿದ್ರು.

"ಬಿಲ್ಡಿಂಗು ಸಾರ್?"

"ಬಿಲ್ಡಿಂಗಲ್ಲಿ ನೀವೇ ಇರ್ಕೊಳಿ. ಮೊದ್ಲು ನನ್ನ ಆ ಗೋಡೆಯಿಂದ ಇಳಿಸು ತಾಯಿ!"