ಕುದುರೆ ಏರಿದ ಟಗರು

ಬನ್ನಿ, ಕಾಲು ಚಾಚಿ ಕೂತ್ಕೊಳ್ಳಿ, ಒಂದು ಮುದಿ ಟಗರಿನ ಕಥೆ ಹೇಳ್ತೀನಿ. ಪ್ರಾಯದಲ್ಲಿ ಅದು ಕಾಳಗದ ಪೈಲ್ವಾನ. ಕಾಳಗ ಬಿಟ್ಟು ಆರು ವರ್ಷವಾದರೂ ಪೈಲ್ವಾನನ ಹುರುಳಿ, ಹಿಂಡಿ ಮಾತ್ರ ಬಿಟ್ಟಿರಲಿಲ್ಲ. ಹಟ್ಟಿಯಲ್ಲೇ ಮಲಗಿ ಮೆಲ್ಲುತ್ತಿತ್ತು. ಅದರ ಓರಗೆಯ ಹೋತ ದಿನಾ ಗುಡ್ಡ ಹತ್ತಿ ಮೇಯ್ದು ಬರುತ್ತಿತ್ತು.

"ಈ ವಯಸ್ಸಲ್ಲಿ ಯಾಕೋ ಗುಡ್ಡ ಹತ್ತೋ ಚಪಲ?" ಅಂತು ಟಗರು.

"ಕೂತರೆ ಮಂಡಿ ಗೊಣಗ್ತದೆ ಭಾವ, ನಡೆದರೆ ಸುಮ್ಮನಿರ್ತದೆ. ನೀನೂ ಬಾ."

"ಹದಿನೇಳು ಟಗರು ಕೆಡವಿದ ಮೈ ಇದು. ಆ ಶಕ್ತಿ ಎಲ್ಲಿಗೆ ಹೋಗ್ತದೆ?"

"ಹೊಟ್ಟೆಗೆ ಹೋದಂಗೆ ಕಾಣ್ತದೆ," ಅಂತು ಹೋತ.

ಸುಗ್ಗಿ ಮುಗಿದು ಹಿಂಡು ಹೊಸ ಮೇವಿಗೆ ವಲಸೆ ಹೊರಟಿತು. ದಾರಿಯಲ್ಲಿ ಹಿಂದೆ ಉಳಿದರೆ ತೋಳದ ಪಾಲು. ಮೊದಲ ದಿಬ್ಬದಲ್ಲೇ ಟಗರು ಕುಸಿದು ಕೂತಿತು. ಕುರುಬರ ಮಾಳಪ್ಪ ನಿಟ್ಟುಸಿರು ಬಿಟ್ಟು, ಎಳೆಮರಿಗಳನ್ನು ಹೊರುವ ಕುದುರೆಯ ಮೇಲೆ ಅದನ್ನೂ ಹೇರಿದ. ಪಕ್ಕದ ಚೀಲದಿಂದ ಮೂರು ದಿನದ ಮರಿಯೊಂದು ತಲೆ ಹೊರಹಾಕಿ ಕೇಳಿತು: "ನಿನಗೂ ಇನ್ನೂ ನಡಿಯೋಕೆ ಬರಲ್ವಾ ಅಜ್ಜಾ?"

ಟಗರು ಮರುದಿನ ಇಳಿದು ಹತ್ತು ಹೆಜ್ಜೆ ನಡೆಯಿತು, ಅದರ ಮರುದಿನ ಇಪ್ಪತ್ತು. ಮರಿ ಎರಡು ವಾರಕ್ಕೆ ಚೀಲ ಬಿಟ್ಟು ಓಡಿತು, ಟಗರಿಗೆ ಮೂರು ತಿಂಗಳು ಬೇಕಾಯ್ತು. ಹೋತ ಈಗಲೂ ಹಿಂಡಿನ ಮುಂದೆಯೇ ನಡೀತದೆ. ಕುದುರೆ ಮಾತ್ರ ಇವತ್ತಿಗೂ ಸೊಂಟನೋವು ಅಂತ ಗೊಣಗ್ತಾ ಇದೆ.